ಹೆಲ್ಸಿಂಕಿಯಿಂದ ಟೋಕಿಯೊ ಎಷ್ಟು ದೂರ?

ಶಾಲೆಯ ಗೋಡೆಯ ಮೇಲೆ ತೂಗುವ ಭೂಪಟದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ನೇರ ಗೆರೆ ಎಳೆದರೆ ಅದು ಕಜಾಕಿಸ್ತಾನ, ಮಂಗೋಲಿಯಗಳನ್ನು ಹಾಯುತ್ತದೆ. ಮನೆಯಲ್ಲಿ ಭೂಗೋಲವಿದ್ದರೆ ಅದೇ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿ ಉತ್ತರಕ್ಕೆ ಜಾರಿ ಸೈಬೀರಿಯದ ಮೇಲೆ ಕೂರುತ್ತದೆ. ಅದೇ ಹತ್ತಿರದ ದಾರಿ: ಸುಮಾರು 7,800 ಕಿ.ಮೀ., ಜೆಟ್ ವಿಮಾನಕ್ಕೆ ಒಂಬತ್ತೂವರೆ ಗಂಟೆಯ ಪಯಣ.

ಆದರೆ ದಾರಕ್ಕೆ ಗಡಿಗಳಿಲ್ಲ, ವಿಮಾನಕ್ಕಿವೆ. ಪ್ರತಿ ದೇಶವೂ ತನ್ನ ನೆಲದ ಮೇಲಿನ ಆಕಾಶಕ್ಕೆ ಒಡೆಯ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ಸೈಬೀರಿಯದ ಆಕಾಶವನ್ನು ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಹೀಗಾಗಿ ಯುರೋಪಿನಿಂದ ಜಪಾನಿಗೆ ಹೊರಟವರು ಭಾರತ, ಬ್ಯಾಂಕಾಕ್‌ಗಳನ್ನು ಬಳಸಿ ಹೋಗಬೇಕಿತ್ತು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆ ಕೋಪನ್‌ಹೇಗನ್‌ನಿಂದ ಉತ್ತರ ಧ್ರುವ ಪ್ರದೇಶದ ಮೇಲೆ ಹಾರಿ, ಅಲಾಸ್ಕದ ಆಂಕರೇಜ್‌ನಲ್ಲಿ ಇಂಧನ ತುಂಬಿಕೊಂಡು ಟೋಕಿಯೊ ಮುಟ್ಟುವ ದಾರಿ ತೆರೆಯಿತು. ಮಂಜಿನ ನಾಡಿನ ಆ ನಿಲ್ದಾಣ ಮುಂದೆ ಒಂದು ದೊಡ್ಡ ತಂಗುದಾಣವಾಯಿತು. ಅಲ್ಲಿ ನಡುರಾತ್ರಿ ಬಿಸಿ ಉಡಾನ್ ಶ್ಯಾವಿಗೆ ತಿಂದ ನೆನಪು ಒಂದು ತಲೆಮಾರಿನ ಜಪಾನೀಯರಿಗೆ ಇನ್ನೂ ಇದೆ.

1983ರ ಏಪ್ರಿಲ್‌ನಲ್ಲಿ ಫಿನ್ಏರ್ ಸಂಸ್ಥೆ ಆಂಕರೇಜನ್ನೂ ಬಿಟ್ಟಿತು. ಹೆಚ್ಚುವರಿ ಇಂಧನ ಟ್ಯಾಂಕ್ ಅಳವಡಿಸಿದ ಡಿಸಿ-10 ವಿಮಾನ ಹೆಲ್ಸಿಂಕಿಯಿಂದ ಧ್ರುವಕ್ಕೆ, ಅಲ್ಲಿಂದ ಬೇರಿಂಗ್ ಜಲಸಂಧಿಗೆ, ಅಲ್ಲಿಂದ ಟೋಕಿಯೊಗೆ ಒಂದೇ ಉಸಿರಿನಲ್ಲಿ ಹಾರಿತು. ಭೂಗೋಲದ ಮೇಲೆ ಅಳೆದರೆ ಈ ಮೂರು ತುಂಡುಗಳು ಸುಮಾರು 3,300, 2,700 ಮತ್ತು 4,700 ಕಿ.ಮೀ.; ಒಟ್ಟು ಹತ್ತು ಸಾವಿರದ ಏಳುನೂರು. ಸುತ್ತುಬಳಸು ಸೇರಿ ಹದಿಮೂರು ಗಂಟೆಯ ಹಾರಾಟ. ಸೋವಿಯತ್ ನೆಲವನ್ನು ಮುಟ್ಟದಿರಲು ತೆತ್ತ ಸುಂಕವಿದು.

ಮುಟ್ಟಿದರೆ ಏನಾಗುತ್ತದೆಂಬುದು ಅದೇ ವರ್ಷ ತಿಳಿಯಿತು. ಆಂಕರೇಜ್‌ನಿಂದ ಸೋಲ್‌ಗೆ ಹೊರಟ ಕೊರಿಯದ 007 ವಿಮಾನ ದಾರಿ ತಪ್ಪಿ ಕಂಚಾಟ್ಕ, ಸಖಾಲಿನ್‌ಗಳ ಮೇಲೆ ಹಾಯ್ದಿತು. ಸೆಪ್ಟೆಂಬರ್ 1ರಂದು ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ಸತ್ತವರು 269 ಮಂದಿ. ಸ್ವಯಂಚಾಲಕವನ್ನು ತಪ್ಪು ಸ್ಥಿತಿಯಲ್ಲಿ ಬಿಟ್ಟಿದ್ದು ಗಂಟೆಗಟ್ಟಲೆ ಯಾರ ಗಮನಕ್ಕೂ ಬರಲಿಲ್ಲವೆಂದು 1993ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ವರದಿ ಮಾಡಿತು. ಅಷ್ಟು ಸಣ್ಣ ಮರೆವಿಗೆ ಅಷ್ಟು ಜೀವಗಳು!

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ರಷ್ಯ ಶುಲ್ಕ ವಸೂಲಿ ಮಾಡಿ ಸೈಬೀರಿಯದ ಆಕಾಶವನ್ನು ತೆರೆಯುತ್ತ ಹೋಯಿತು. ಮೂಲೆಯಲ್ಲಿದ್ದ ಹೆಲ್ಸಿಂಕಿ ಏಷ್ಯಕ್ಕೆ ಹೆಬ್ಬಾಗಿಲಾಯಿತು. ಫಿನ್ಏರ್ ತನ್ನ ವ್ಯಾಪಾರವನ್ನೆಲ್ಲ ಆ ದಾರದ ಮೇಲೆಯೇ ಕಟ್ಟಿತೆಂದರೂ ಸಲ್ಲುತ್ತದೆ.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಯಿತು. ಯುರೋಪ್ ಮತ್ತು ರಷ್ಯ ಪರಸ್ಪರ ಆಕಾಶ ಮುಚ್ಚಿಕೊಂಡವು. ಮಾರ್ಚ್‌ನಲ್ಲಿ ಟೋಕಿಯೊ ವಿಮಾನ ಮತ್ತೆ ಹೊರಟಾಗ ಹಿಡಿದದ್ದು 1983ರ ಹಳೆಯ ಜಾಡನ್ನೇ; ಹಿಡಿದ ಕಾಲವೂ ಅದೇ ಹದಿಮೂರು ಗಂಟೆ. ನಡುವಿನ ಮೂವತ್ತೊಂಬತ್ತು ವರ್ಷಗಳಲ್ಲಿ ಬಂದ ಹೊಸ ಎಂಜಿನ್‌ಗಳು ಒಂದು ಗಂಟೆಯನ್ನೂ ಉಳಿಸಿಕೊಡಲಿಲ್ಲ. ಧ್ರುವ ದಾಟಿದವರಿಗೆ ಸಂಸ್ಥೆ ಪ್ರಮಾಣಪತ್ರವನ್ನೇನೋ ಕೊಟ್ಟಿತು.

ಗಾಳಿ ನೋಡಿಕೊಂಡು ಕೆಲವು ವಿಮಾನಗಳು ದಕ್ಷಿಣದಿಂದಲೂ, ಅಂದರೆ ಕೊರಿಯ, ಚೀನ, ಕಾಸ್ಪಿಯನ್ ಸಮುದ್ರಗಳ ಮೇಲಿಂದಲೂ ಹಾರಿದವು. ಹೋಗುವಾಗ ಧ್ರುವದ ಮೇಲೆ, ಬರುವಾಗ ಕಾಸ್ಪಿಯನ್ ಮೇಲೆ ಹಾಯ್ದ ಪ್ರಯಾಣಿಕರು ರಷ್ಯವನ್ನು ಬಲಗಡೆಗಿಟ್ಟುಕೊಂಡು ಒಂದು ಪೂರ್ತಿ ಪ್ರದಕ್ಷಿಣೆ ಹಾಕಿದಂತಾಯಿತು.