ಲಸಿಕೆಯ ಸರದಿ: ಮೊದಲು ಯಾರಿಗೆ, ಏಕೆ?

ಸಾಂಕ್ರಾಮಿಕ ರೋಗವೊಂದು ದೇಶವನ್ನೆಲ್ಲ ವ್ಯಾಪಿಸಿದಾಗ ಲಸಿಕೆ ಎಲ್ಲರಿಗೂ ಒಮ್ಮೆಲೇ ಬೇಕಾಗುತ್ತದೆಯಾದರೂ ಅದು ತಯಾರಾಗಿ ಬರುವುದು ಕಂತುಕಂತಾಗಿಯೇ ಆದ್ದರಿಂದ, ಮೊದಲು ಯಾರಿಗೆ ಎಂಬುದನ್ನು ಸರ್ಕಾರ ತೀರ್ಮಾನಿಸಲೇಬೇಕಾಗುತ್ತದೆ. ಈ ತೀರ್ಮಾನಕ್ಕೆ ವೈದ್ಯವಿಜ್ಞಾನ ಆಧಾರ ಒದಗಿಸಬಲ್ಲುದು. ಆದರೆ ಯಾವ ಗುರಿ ಮುಖ್ಯವೆಂಬುದನ್ನು ಸಮಾಜವೇ ನಿರ್ಧರಿಸಬೇಕು. ಸಾವುಗಳನ್ನು ತಗ್ಗಿಸುವುದು ಗುರಿಯಾದರೆ ವೃದ್ಧರು ಮುಂದೆ ಬರುತ್ತಾರೆ, ಆಸ್ಪತ್ರೆಗಳು ನಿಲ್ಲದೆ ನಡೆಯಬೇಕೆಂದರೆ ಅಲ್ಲಿ ದುಡಿಯುವವರು, ಸೋಂಕಿನ ಹರಡುವಿಕೆಯನ್ನೇ ತಡೆಯಬೇಕೆಂದರೆ ದಿನವೂ ಹೊರಗೆ ಓಡಾಡುವವರು. ಕೋವಿಡ್ ಕಾಲದಲ್ಲಿ ಬ್ರಿಟನ್ ವೃದ್ಧಾಶ್ರಮವಾಸಿಗಳನ್ನು ಪಟ್ಟಿಯ ಮೇಲ್ತುದಿಯಲ್ಲಿಟ್ಟರೆ, ಇಂಡೊನೇಷ್ಯಾ 18ರಿಂದ 59 ವರ್ಷದವರಿಂದ ಆರಂಭಿಸಿತು. ಅಲ್ಲಿ ಬಳಸಿದ ಲಸಿಕೆ ವೃದ್ಧರ ಮೇಲೆ ಬೀರುವ ಪರಿಣಾಮದ ಬಗ್ಗೆ ಸಾಕಷ್ಟು ಮಾಹಿತಿ ಆಗಿನ್ನೂ ಇಲ್ಲದಿದ್ದುದೂ ಅದಕ್ಕೊಂದು ಕಾರಣ.

ಭಾರತದಲ್ಲಿ ಈ ಹೊಣೆ 2020ರ ಆಗಸ್ಟ್‌ನಲ್ಲಿ ಡಾ. ವಿ.ಕೆ. ಪಾಲ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ರಾಷ್ಟ್ರೀಯ ತಜ್ಞರ ಗುಂಪಿನದಾಗಿತ್ತು. ಅಂದಾಜು 1 ಕೋಟಿ ಆರೋಗ್ಯ ಕಾರ್ಯಕರ್ತರು, ಪೊಲೀಸರು ಮತ್ತು ಪೌರಕಾರ್ಮಿಕರು ಸೇರಿದಂತೆ 2 ಕೋಟಿ ಮುಂಚೂಣಿ ಕಾರ್ಯಕರ್ತರು, ಅನಂತರ 50 ದಾಟಿದವರು ಹಾಗೂ ಅನ್ಯ ಕಾಯಿಲೆಯುಳ್ಳವರು ಸೇರಿ 27 ಕೋಟಿ ಜನ, ಇದು ಅಂದಿನ ಯೋಜನೆ. ಇತರರಿಗಾಗಿ ಅಪಾಯಕ್ಕೆ ಒಡ್ಡಿಕೊಂಡವರಿಗೆ ಸಮಾಜ ಋಣಿಯಾಗಿದೆ ಎಂಬ ತತ್ತ್ವವೂ ಇದರ ಹಿಂದಿತ್ತು. 2021ರ ಜನವರಿ 16ರಂದು ದೆಹಲಿಯ ಏಮ್ಸ್‌ನಲ್ಲಿ ಮೊದಲ ಡೋಸ್ ಪಡೆದವರು ಅಲ್ಲಿನ ಸ್ವಚ್ಛತಾ ಕಾರ್ಮಿಕರೊಬ್ಬರು. ಸೋಂಕಿತರ ವಾರ್ಡನ್ನು ಗುಡಿಸುವವರಿಗೂ ಆರೋಗ್ಯ ಕಾರ್ಯಕರ್ತರ ಸಾಲಿನಲ್ಲಿ ಸಮಾನ ಸ್ಥಾನವಿದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೂ, ಗೊತ್ತುಪಡಿಸಿದ 20 ಕಾಯಿಲೆಗಳಲ್ಲಿ ಯಾವುದಾದರೂ ಇರುವ 45ರಿಂದ 59 ವರ್ಷದವರಿಗೂ ಸರದಿ ಬಂದಿತು.

ಕಾಗದದ ಮೇಲಿನ ಕ್ರಮ ಲಸಿಕಾ ಕೇಂದ್ರದಲ್ಲಿ ಹಾಗೆಯೇ ನಡೆಯುವುದು ಸುಲಭವಲ್ಲ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್ ಇರುತ್ತಿದ್ದು, ತೆರೆದ 4 ಗಂಟೆಯೊಳಗೆ ಮುಗಿಸಬೇಕಿತ್ತು. ಏಳೇ ಮಂದಿ ಬಂದರೆ ಉಳಿದ ಮೂರನ್ನು ಚೆಲ್ಲಬೇಕೇ, ಅಥವಾ ಸರದಿ ಬಾರದವರಿಗೆ ಕೊಡಬೇಕೇ ಎಂಬ ಪ್ರಶ್ನೆ ದಾದಿಯ ಮುಂದಿರುತ್ತಿತ್ತು. ಇಂಥಲ್ಲಿ ಪಟ್ಟಿಯನ್ನು ಪಾಲಿಸುವುದಕ್ಕಿಂತ ಒಂದು ಡೋಸೂ ವ್ಯರ್ಥವಾಗದಂತೆ ನೋಡಿಕೊಳ್ಳುವುದೇ ನ್ಯಾಯ.

ಮೇ 1ರಿಂದ 18 ದಾಟಿದವರಿಗೆಲ್ಲ ಅವಕಾಶ ತೆರೆದಾಗ, ದಾಸ್ತಾನು ಸಾಲದೆ ಕರ್ನಾಟಕ ಸರ್ಕಾರ ಮೇ 14ರಿಂದ 18–44ರ ವಯೋಮಾನದವರ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಎರಡನೆಯ ಡೋಸಿಗೆ ಕಾದಿದ್ದ ಹಿರಿಯರಿಗೆ ಆದ್ಯತೆ ನೀಡಿತು. ಈ ವಯೋಮಾನದವರು ಮೊದಮೊದಲು ಕೋವಿನ್ ಜಾಲತಾಣದಲ್ಲೇ ಸ್ಲಾಟ್ ಕಾಯ್ದಿರಿಸಬೇಕಿದ್ದುದರಿಂದ, ಸ್ಮಾರ್ಟ್‌ಫೋನ್ ಇಲ್ಲದ ಕೂಲಿಕಾರರು ಸರದಿಯಿದ್ದೂ ಹಿಂದುಳಿಯಬೇಕಾಯಿತು. ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಡಬಲ್ಲವರಿಗೆ ಬೇರೆ ದಾರಿಯಿತ್ತು. ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ವಯೋಮಾನದವರಿಗೆ ಹಣ ಪಡೆದು ಲಸಿಕೆ ನೀಡುವ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದೂ ತರ್ಕರಹಿತವೂ ಆಗಿದೆ ಎಂದಿತು. ಜೂನ್ 21ರಿಂದ ಕೇಂದ್ರ ಸರ್ಕಾರವೇ ಶೇ. 75ರಷ್ಟು ಲಸಿಕೆ ಖರೀದಿಸಿ ರಾಜ್ಯಗಳಿಗೆ ಉಚಿತವಾಗಿ ಒದಗಿಸತೊಡಗಿತು.

ಸರದಿಯನ್ನು ನಿರ್ಧರಿಸಬೇಕಾದದ್ದು ಅಪಾಯದ ಪ್ರಮಾಣವೇ ಹೊರತು ಕೈಯಲ್ಲಿರುವ ಫೋನಾಗಲಿ ಜೇಬಿನಲ್ಲಿರುವ ಹಣವಾಗಲಿ ಅಲ್ಲ. ಮುಂದೆ ಇಂಥ ಸಂಕಟ ಬಂದರೆ ಆದ್ಯತೆಯ ಪಟ್ಟಿಯನ್ನು ಕಾರಣಸಹಿತ ಮೊದಲೇ ಪ್ರಕಟಿಸಿ, ಲಸಿಕಾ ಕೇಂದ್ರಕ್ಕೆ ಬರಲಾಗದವರ ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರವೇ ಹೋಗಬೇಕು.