ಬೆಳ್ಳುಳ್ಳಿ ತಿಂದ ಗೌಜಲಕ್ಕಿ

ಭಾನುವಾರದ ಸಂತೆಯಲ್ಲಿ ಗೌಜಲಕ್ಕಿ ಮೊಟ್ಟೆ ಮಾರುತ್ತಿದ್ದ ಹುಡುಗ ಒಂದೇ ಉಸಿರಿಗೆ ಎರಡು ಮಾತು ಹೇಳಿದ. "ಇದ್ರಲ್ಲಿ ಕೊಲೆಸ್ಟ್ರಾಲ್ ಇಲ್ಲ ಸಾರ್. ನಮ್ಮ ಹಕ್ಕಿಗೆ ಬೆಳ್ಳುಳ್ಳಿ, ಮೆಂತ್ಯ ಹಾಕಿ ಸಾಕಿರೋದು." ಮೊದಲನೆಯದು ಸುಳ್ಳು. ಎರಡನೆಯದು ನಿಜವಿದ್ದೀತು, ಆದರೆ ಅದು ನಿಜವಾದ ಮಾತ್ರಕ್ಕೆ ಮೊದಲನೆಯದು ನಿಜವಾಗದು.

ಮನೆಗೆ ತಂದು ಒಡೆದು ನೋಡಿದೆ. ಕೋಳಿಮೊಟ್ಟೆಯ ಹಾಗೆ ಬಾಣಲೆಯ ಅಂಚಿಗೆ ತಟ್ಟಿದರೆ ಇದು ಬಾಯಿ ಬಿಡುವುದಿಲ್ಲ. ಚುಕ್ಕೆ ಚುಕ್ಕೆಯ ಚಿಪ್ಪು ಪುಡಿಯಾದರೂ ಒಳಗಿನ ಪೊರೆ ಹಟ ಹಿಡಿದು ಕೂರುತ್ತದೆ. ಚಾಕುವಿನ ತುದಿಯಿಂದ ಸೀಳಬೇಕು. ಆಮೇಲೆ ಜಾರಿ ಬೀಳುವ ಹಳದಿ, ಅಷ್ಟು ಪುಟ್ಟ ಮೊಟ್ಟೆಗೆ ದೊಡ್ಡದೇ ಅನ್ನಿಸುತ್ತದೆ. ಕೊಲೆಸ್ಟ್ರಾಲ್ ಇರುವುದು ಅದರಲ್ಲೇ, ಬಿಳಿಯಲ್ಲಲ್ಲ. ನೂರು ಗ್ರಾಂ ಕೋಳಿಮೊಟ್ಟೆಯಲ್ಲಿ ಸುಮಾರು 370 ಮಿಲಿಗ್ರಾಂ ಇದ್ದರೆ ಅಷ್ಟೇ ತೂಕದ ಗೌಜಲಕ್ಕಿ ಮೊಟ್ಟೆಯಲ್ಲಿ ಸುಮಾರು 840 ಇರುತ್ತದೆ. ಒಂದೊಂದು ಮೊಟ್ಟೆ ಹತ್ತು ಗ್ರಾಂ ಆಸುಪಾಸು ತೂಗುವುದರಿಂದ ಒಂದರ ಪಾಲಿಗೆ 80 ಮಿಲಿಗ್ರಾಂನಷ್ಟು ಬೀಳುತ್ತದೆ. ಮಾರುವವರು ಈ ಒಂದರ ಲೆಕ್ಕ ಹಿಡಿದು "ಕಡಿಮೆ" ಎನ್ನುತ್ತಾರೆ. ಒಂದೇ ಒಂದು ತಿಂದು ಕೈ ತೊಳೆಯುವವರು ಯಾರು?

ಹೊಲದ ಬದುವಿನಿಂದ ಭರ್ರನೆ ಏಳುವ ಕಾಡು ಗೌಜಲಕ್ಕಿ ಇದಲ್ಲ. ಫಾರಂನಲ್ಲಿರುವುದು ಜಪಾನಿ ಗೌಜಲಕ್ಕಿ. 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದು, ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿ ಪಳಗಿ, ಅಲ್ಲಿಂದ ದೇಶಕ್ಕೆ ಹರಡಿದ್ದು. 17–18 ದಿನಕ್ಕೆ ಮರಿ ಒಡೆಯುತ್ತದೆ, ಆರೇಳು ವಾರಕ್ಕೆಲ್ಲ ಮೊಟ್ಟೆ ಶುರು. ಬೆಳೆದ ಹಕ್ಕಿ ದಿನಕ್ಕೆ 25–30 ಗ್ರಾಂ ಮೇವು ತಿನ್ನುತ್ತದೆ. ಸಾವಿರ ಹಕ್ಕಿಯ ಫಾರಂ ಅಂದರೆ ದಿನಕ್ಕೆ ಅರ್ಧ ಮೂಟೆ ಫೀಡು. ಅದಕ್ಕೆ ನೂರಕ್ಕೆ ಒಂದರಂತೆ ಬೆಳ್ಳುಳ್ಳಿ ಪುಡಿ ಬೆರೆಸಿದರೆ ಕಾಲು ಕಿಲೋ ಸಾಕು, ಒಂದು ಹಕ್ಕಿಯ ಪಾಲಿಗೆ ಒಂದು ಚಿಟಿಕೆ.

ಈ ಚಿಟಿಕೆಯ ಹುಡುಕಾಟಕ್ಕೆ ವೇಗ ಬಂದದ್ದು ಕೊಲೆಸ್ಟ್ರಾಲಿನ ಕಾರಣಕ್ಕಲ್ಲ. ಹಕ್ಕಿ ಬೇಗ ಬಲಿಯಲಿ ಎಂದು ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ನಿಲ್ಲಿಸಿತು. ಭಾರತ 2019ರಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಕೋಳಿ, ದನಗಳ ಮೇವಿನಿಂದ ಹೊರಗಿಟ್ಟಿತು. ಅದರ ಜಾಗ ತುಂಬಲು ಅರಿಸಿನ, ಕರಿಜೀರಿಗೆ, ನುಗ್ಗೆಸೊಪ್ಪು, ಬೇವು ಎಲ್ಲವೂ ಸಾಲುಗಟ್ಟಿದವು. ಹೇಗೂ ರಕ್ತ ಪರೀಕ್ಷೆ ಮಾಡುತ್ತಾರಲ್ಲ, ಕೊಲೆಸ್ಟ್ರಾಲನ್ನೂ ಅಳೆದರು. ಅದು ಇಳಿದಿತ್ತು. ಎಲ್ಲ ಸಲವೂ ಅಲ್ಲ, ಆದರೆ ಸುದ್ದಿ ಮಾಡುವಷ್ಟು ಸಲ.

ಇಳಿಯುವುದಕ್ಕೆ ಕಾರಣವೂ ಇದೆ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತದ ಆಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದರ ಬಹುಪಾಲು ಮತ್ತೆ ಯಕೃತ್ತಿಗೇ ವಾಪಸು. ಮೆಂತ್ಯದ ಅಂಟು ಮತ್ತು ನೊರೆ ಬರಿಸುವ ಸಪೋನಿನ್‌ಗಳು ಈ ಆಮ್ಲವನ್ನು ನಡುದಾರಿಯಲ್ಲಿ ಹಿಡಿದು ಹಿಕ್ಕೆಯ ಜೊತೆ ಸಾಗಹಾಕುತ್ತವೆ. ಖಾಲಿಯಾದದ್ದನ್ನು ತುಂಬಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟ್ರಾಲಿಗೆ ಕೈ ಹಾಕುತ್ತದೆ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನೇ ತಡೆಯುತ್ತವೆ ಎನ್ನುವುದು ಇನ್ನೊಂದು ವಿವರಣೆ.

ಆದರೆ ನಾವು ತಿನ್ನುವುದು ಹಕ್ಕಿಯ ರಕ್ತವನ್ನಲ್ಲ.

ಮೊಟ್ಟೆಯಿಡುವ ಹೆಣ್ಣಿನ ರಕ್ತ ತೆಗೆದು ತಿಳಿಯಾಗಲು ಬಿಟ್ಟರೆ ಮೇಲೆ ನಿಲ್ಲುವ ದ್ರವ ಹಾಲಿನಂತೆ ಮಬ್ಬಾಗಿರುತ್ತದೆ. ಈಸ್ಟ್ರೋಜನ್ ಹಾರ್ಮೋನಿನ ಅಪ್ಪಣೆಯಂತೆ ಯಕೃತ್ತು ಕೊಬ್ಬು, ಕೊಲೆಸ್ಟ್ರಾಲನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಅಂಡಾಶಯಕ್ಕೆ ಕಳಿಸುತ್ತಿರುತ್ತದೆ. ಆ ಮಬ್ಬು ಅದರದು. ಈ ಸಾಗಣೆ ನಮ್ಮ ನಾಷ್ಟಾಕ್ಕಾಗಿ ಅಲ್ಲ. ಮುಚ್ಚಿದ ಚಿಪ್ಪಿನೊಳಗೆ ಹದಿನೇಳು ದಿನದಲ್ಲಿ ಮಿದುಳು, ನರ, ರೆಕ್ಕೆ ಕಟ್ಟಿಕೊಳ್ಳಬೇಕಾದ ಮರಿಯ ಪ್ರತಿ ಜೀವಕೋಶದ ಪೊರೆಗೂ ಕೊಲೆಸ್ಟ್ರಾಲ್ ಬೇಕು. ಅದಕ್ಕೇ ತಾಯಿ ಹಕ್ಕಿ ತನ್ನ ರಕ್ತದಲ್ಲಿ ಎಷ್ಟೇ ಏರುಪೇರಾದರೂ ಹಳದಿಯ ಪಾಲನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮನುಷ್ಯರಿಗೆ ಕೊಡುವ ಅಟೊರ್ವಾಸ್ಟಾಟಿನ್ ಗುಳಿಗೆಯ ಮದ್ದನ್ನೇ ಕೋಳಿಗಳಿಗೆ ತಿನ್ನಿಸಿ ನೋಡಿದ ಪ್ರಯೋಗವೊಂದು 1999ರಲ್ಲಿ ಪ್ರಕಟವಾಯಿತು. ಹಳದಿಯ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಂಥ ಕಟು ಮದ್ದಿಗೆ ಮಣಿದದ್ದು ಚಿಟಿಕೆ ಬೆಳ್ಳುಳ್ಳಿಗೂ ಮಣಿಯುತ್ತದೆಯೇ? ಮಣಿಯಿತು ಎನ್ನುವ ವರದಿಗಳೂ ಇವೆ, ಏನೂ ಆಗಲಿಲ್ಲ ಎನ್ನುವ ವರದಿಗಳೂ ಇವೆ.

ಇಳಿದಿದೆ ಎಂದು ಬರೆದಲ್ಲಿ ನಾನು ಮೊದಲು ನೋಡುವುದು, ಲೆಕ್ಕ ಹಾಕಿದ್ದು ಯಾವುದರ ಮೇಲೆ ಎಂದು. ಒಂದು ಗ್ರಾಂ ಹಳದಿಗೋ, ಒಂದು ಮೊಟ್ಟೆಗೋ? ಮೊಟ್ಟೆ ಸಣ್ಣದಾದರೂ 'ಮೊಟ್ಟೆಯೊಂದಕ್ಕೆ' ಲೆಕ್ಕ ತಾನಾಗಿ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ರಕ್ತನಾಳ ಕಟ್ಟಿಕೊಳ್ಳುವ ರೋಗವನ್ನು ಅಭ್ಯಾಸ ಮಾಡುವವರಿಗೂ ಜಪಾನಿ ಗೌಜಲಕ್ಕಿ ಅಚ್ಚುಮೆಚ್ಚು. ಮೇವಿನಲ್ಲಿ ಕೊಲೆಸ್ಟ್ರಾಲನ್ನೇ ಬೆರೆಸಿ ಕೊಟ್ಟು ಅದರ ರಕ್ತದಲ್ಲಿ ಏರಿಸುತ್ತಾರೆ, ಆಮೇಲೆ ಮೂಲಿಕೆ ಕೊಟ್ಟು ಇಳಿಸುತ್ತಾರೆ. ಇಳಿತ ಭರ್ಜರಿಯಾಗಿಯೇ ಕಾಣುತ್ತದೆ. ಫಾರಂ ಹಕ್ಕಿ ತಿನ್ನುವುದೋ ಮುಖ್ಯವಾಗಿ ಮೆಕ್ಕೆಜೋಳ, ಸೋಯಾ ಹಿಂಡಿ. ಅವುಗಳಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದೇ ಹೇಳಬೇಕು. ಅಲ್ಲಿಯ ಅಂಕಿ ತಂದು ಇಲ್ಲಿಯ ಪೊಟ್ಟಣದ ಮೇಲೆ ಅಂಟಿಸಿದರೆ ಹೊಂದದು.

ಹಳದಿ ಎಲ್ಲ ವಿಷಯದಲ್ಲೂ ಇಷ್ಟು ಬಿಗಿಯಲ್ಲ, ಅದೇ ತಮಾಷೆ. ಅಗಸೆಬೀಜ ಕೊಟ್ಟರೆ ಒಮೆಗಾ-3 ಏರುತ್ತದೆ. ಚೆಂಡುಹೂವಿನ ಬಣ್ಣ ಕೊಟ್ಟರೆ ಹಳದಿ ಕೇಸರಿಯಾಗುತ್ತದೆ. ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಅರಳುವ ಚೆಂಡುಹೂ ಬರೀ ಹಾರಕ್ಕೆ ಹೋಗುವುದಿಲ್ಲ. ಬಣ್ಣಕ್ಕೂ ಕೊಬ್ಬಿನ ಬಗೆಗೂ ಬಾಗಿಲು ತೆರೆದಿಡುವ ಹಳದಿ, ಕೊಲೆಸ್ಟ್ರಾಲ್ ಎಂದೊಡನೆ ಚಿಲಕ ಹಾಕಿಕೊಳ್ಳುತ್ತದೆ.

ಇಂಡೋನೇಷ್ಯಾದಲ್ಲಿ ಈ ಪ್ರಯೋಗಗಳ ಮೆಚ್ಚಿನ ಸೊಪ್ಪು 'ಕಾಟುಕ್'. ಹಾಲೂಡಿಸುವ ತಾಯಂದಿರಿಗೆ ಹಾಲು ಹೆಚ್ಚಲೆಂದು ಅಲ್ಲಿ ಕೊಡುವ ಎಲೆ. ಅದು ನಮಗೆ ಅಪರಿಚಿತವೇನಲ್ಲ, ಹಿತ್ತಲ ಚಕ್ರಮುನಿಯೇ. ನಾವು ಬೇಯಿಸಿ ಸಾಂಬಾರಿಗೆ, ಪಲ್ಯಕ್ಕೆ ಹಾಕುತ್ತೇವೆ. 1994–95ರಲ್ಲಿ ತೈವಾನಿನ ಜನ ತೂಕ ಇಳಿಸಲು ಅದರ ಹಸಿ ರಸವನ್ನು ವಾರಗಟ್ಟಲೆ ಕುಡಿದರು. ನೂರಾರು ಮಂದಿಯ ಶ್ವಾಸಕೋಶದ ಸಣ್ಣ ನಾಳಗಳು ಶಾಶ್ವತವಾಗಿ ಕೆಟ್ಟವು. ಎಲೆ ಅದೇ, ಬದಲಾದದ್ದು ಪ್ರಮಾಣ, ತಿಂದ ರೀತಿ, ತಿಂದ ಕಾಲ. ಹಕ್ಕಿಗಳಿಗೆ ಸೊಪ್ಪು ತಿನ್ನಿಸುವ ಪ್ರಯೋಗ ಸಾಮಾನ್ಯವಾಗಿ ಕೆಲವೇ ವಾರಗಳದ್ದು. ಫಾರಂನಲ್ಲಿ ಮೊಟ್ಟೆಯ ಹಕ್ಕಿಯನ್ನು ಇಟ್ಟುಕೊಳ್ಳುವುದು ಹತ್ತಿರ ಹತ್ತಿರ ಒಂದು ವರ್ಷ.