ಲಿಫ್ಟ್ ಮಾಡದ ಪಿಕಪ್‌ಗೆ ಎಷ್ಟು ದೊಡ್ಡ ಟೈರ್?

ಮಳೆಗಾಲದಲ್ಲಿ ಕಾಫಿ ತೋಟದ ಕೆಸರು ಏರಲ್ಲಿ ನನ್ನ ಫೋರ್ ವೀಲ್ ಡ್ರೈವ್ ಪಿಕಪ್ ಜಾರ್ತಿತ್ತು. 245/70 ಆರ್ 16 ತೆಗೆದು 265/70 ಆರ್ 16 ಆಲ್-ಟೆರೇನ್ ಹಾಕಿಸೋಣ ಅಂದ್ಕೊಂಡೆ.

ಲೆಕ್ಕ ಹಾಕಿದೆ. ಟೈರ್ 28 ಮಿ.ಮೀ. ಎತ್ತರ ಆದ್ರೂ ಗಾಡಿ ಏಳೋದು 14 ಮಿ.ಮೀ. ಮಾತ್ರ! ಮೀಟರ್ ಬೇರೆ ಮೊದಲಿಗಿಂತ ಶೇ. 4ರಷ್ಟು ಕಡಿಮೆ ತೋರಿಸುತ್ತೆ.

ಅಂಗಡಿಯಲ್ಲೇ ಮುಂದಿನ ಚಕ್ರಕ್ಕೆ ಒಂದು ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿದೆ. ಮಡ್‌ಫ್ಲಾಪ್‌ಗೆ ಉಜ್ತು. ಲೋಡ್ ತುಂಬ್ಕೊಂಡು ಘಾಟಿ ಇಳಿಯುವಾಗ ಹೀಗೆ ಉಜ್ಜಿ ಟೈರ್ ಹರಿದ್ರೆ ಗತಿಯೇನು?

ಕೊನೆಗೆ ಹಳೇ ಸೈಜಿನಲ್ಲೇ ಆಲ್-ಟೆರೇನ್ ಹಾಕಿಸಿದೆ. ಲೋಡ್ ಇಂಡೆಕ್ಸ್ ಕಡಿಮೆ ಇರದ ಹಾಗೆ ನೋಡ್ಕೊಂಡೆ. ಸ್ಟೆಪ್ನಿ ಸೇರಿ ಐದೂ ಒಂದೇ ಥರ. ಈಗ ಅದೇ ಏರು ಹತ್ತುತ್ತೆ. ಕೆಸರಲ್ಲಿ ಹಿಡಿತ ಕೊಟ್ಟಿದ್ದು ಟೈರಿನ ಹಲ್ಲು, ಎತ್ತರ ಅಲ್ಲ. ನೀವೂ ದುಡ್ಡು ಕೊಡೋ ಮುಂಚೆ ಸ್ಟೀರಿಂಗ್ ತಿರುಗಿಸಿ ನೋಡಿ.